ಕರೆಮ್ಮನ ಟೊಂಕದ ಕೀಲು

ಅರಕೇರಾದ ಕಟ್ಟೆಯ ಮೇಲೆ ನಿಂತು ಮಾಳಿಂಗಪ್ಪ ಎಕ್ಸ್‌ರೇ ಹಾಳೆಯನ್ನು ಬಿಸಿಲಿಗೆ ಹಿಡಿದ.

“ನೋಡ್ರಿ, ಇದು ನನ್ನ ಹೆಂಡ್ತಿ ಟೊಂಕ. ಬೆಳ್ಳಗ ಕಾಣಾಕತ್ತದಲ್ಲ, ಅದು ಉಕ್ಕಿನ ಕೀಲು. ಹೈದರಾಬಾದಿನಾಗ ಹಾಕ್ಸೀನಿ. ಹೆಂಡ್ತಿಗೇ ಇಷ್ಟು ಮಾಡಿದಾಂವ ಊರಿಗೆ ಏನು ಕಡಿಮಿ ಮಾಡ್ತಾನ?”

ಜನ ಕತ್ತೆತ್ತಿ ನೋಡಿದರು. ಅದು ೧೯೮೬ರ ಡಿಸೆಂಬರ್. ಮುಂದಿನ ತಿಂಗಳೇ ಮಂಡಲ ಪಂಚಾಯಿತಿ ಚುನಾವಣೆ. ವರ್ಷಗಟ್ಟಲೆ ಊರಿನ ಚೇರ್ಮನ್ ಆಗಿದ್ದ ಮಾಳಿಂಗಪ್ಪನಿಗೆ ಹೇಳಿಕೊಳ್ಳಲು ಒಂದು ರಸ್ತೆ ಇರಲಿಲ್ಲ, ಒಂದು ನಲ್ಲಿ ಇರಲಿಲ್ಲ. ಟೊಂಕವೊಂದಿತ್ತು.

ಆ ಟೊಂಕ ಕೆಟ್ಟದ್ದು ಹೇಗೆಂದು ಮಾತ್ರ ಅವನು ಹೇಳುತ್ತಿರಲಿಲ್ಲ. ಊರಿಗೆಂದು ಬಂದ ನೀರಿನ ಪೈಪು ಅವನ ಹತ್ತಿ ಹೊಲದವರೆಗೆ ಬಂದು ನಿಂತುಬಿಟ್ಟಿತ್ತು. ಹತ್ತಿ ನೀರು ಕುಡಿಯಿತು, ಹೆಂಗಸರು ಹಳ್ಳದ ಬಾವಿಯಿಂದ ಕೊಡ ಹೊತ್ತರು. ಕರೆಮ್ಮನೂ ಹೊತ್ತಳು. ಆರು ವರ್ಷ ಕುಂಟಿದಳು. “ವಾಯು ಹಿಡದದ, ಹೋಗ್ತದ ಬಿಡು” ಎಂದೇ ಮಾಳಿಂಗಪ್ಪ ದಿನ ದೂಡಿದ. ಚುನಾವಣೆಯ ಸುದ್ದಿ ಬಂದದ್ದೇ ತಡ, ಅವನ ಕರುಳು ಕರಗಿತು. ಹೆಂಡತಿಯನ್ನು ರಾಯಚೂರು ಸ್ಟೇಷನ್ನಿಗೆ ಕರೆದೊಯ್ದು ರೈಲು ಹತ್ತಿಸುವಾಗ ಊರಿನ ಅರ್ಧ ಮಂದಿಯನ್ನು ಬೀಳ್ಕೊಡಲು ಕರೆಸಿದ್ದ.

ಹೈದರಾಬಾದಿನ ಡಾಕ್ಟರು ಸವೆದ ಎಲುಬು ನೋಡಿ ಕೇಳಿದರು. “ಈ ತಾಯಿ ಇಷ್ಟು ದಿನ ಏನು ಹೊತ್ತಿದ್ದಾರೆ?”

“ಏನಿಲ್ಲರೀ, ಮನಿ ಕೆಲ್ಸ” ಎಂದ ಮಾಳಿಂಗಪ್ಪ.

ಕರೆಮ್ಮ ಗೋಡೆ ನೋಡಿದಳು.

ಆಪರೇಷನ್ ಆಯಿತು. ಎರಡು ಕಾಲಿನ ನಡುವೆ ದಿಂಬಿಟ್ಟು, ಮಗ್ಗುಲಾಗದಂತೆ ಮಲಗಿಸಿದರು. ಕೆಲವು ದಿನಗಳ ನಂತರ ನರ್ಸು ಎಬ್ಬಿಸಿ ನಿಲ್ಲಿಸಿದಾಗ ನೋವಿಗೆ ಕಣ್ಣು ಕತ್ತಲೆಗೂಡಿತು. ಆದರೂ ಆರು ವರ್ಷದಲ್ಲಿ ಮೊದಲ ಸಲ ಕಾಲು ನೆಲದ ಮೇಲೆ ನೆಟ್ಟಗೆ ಊರಿತು. ನಾಲ್ಕು ಹೆಜ್ಜೆ ಇಟ್ಟು ಕರೆಮ್ಮ ಅತ್ತುಬಿಟ್ಟಳು.

“ಊರಾಗ ಹಿಂಗ ನಡೀಬ್ಯಾಡ ಮತ್ತ” ಎಂದ ಮಾಳಿಂಗಪ್ಪ. “ಎಲೆಕ್ಷನ್ ಮುಗಿಯೋತನಾ ಮಂಚದ ಮ್ಯಾಲಿರು. ನೋಡಿದ ಮಂದಿಗೆ ಮರುಕ ಬರಬೇಕು.”

“ಆತ್ರಿ. ನೀವು ಹೇಳ್ದಂಗ.”

ಡಾಕ್ಟರ ಕಟ್ಟಪ್ಪಣೆಯಂತೆ ನೆಲದ ಮೇಲೆ ಕೂಡುವಂತಿಲ್ಲ, ಕುಕ್ಕರಗಾಲು ಹಾಕುವಂತಿಲ್ಲ, ನೀರು ಹೊರುವ ಮಾತಂತೂ ಇಲ್ಲ. ಊರಿಗೆ ಮರಳಿದ ಮೇಲೆ ಮಾಳಿಂಗಪ್ಪ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಪಡಸಾಲೆಯಲ್ಲೇ ಹಾಕಿಸಿದ. ಪಕ್ಕದ ಮನೆಯ ಮುನ್ನೀ ಬೀ ದಿನಾ ಮಧ್ಯಾಹ್ನ ಓಣಿಯ ಹೆಂಗಸರನ್ನು ಕರೆತಂದಳು. ಮಾಳಿಂಗಪ್ಪನಿಗೆ ಹಿಗ್ಗು. ಒಲೆ ಮುಂದೆ ಎಂದೂ ಕೂತಿರದವನು ತಾನೇ ಚಹಾ ಕಾಸಿ ಕೊಟ್ಟ. ಲೋಟಕ್ಕೊಂದು ಓಟು. ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು.

“ಏನ್ ಮಾತಾಡಾಕತ್ತೀರಬೇ?”

“ಕರೆಮ್ಮಕ್ಕನ ನೋವು ಕೇಳಾಕತ್ತೀವ್ರಿ ಚೇರ್ಮನ್ ಸಾಬ್ರೇ” ಎಂದಳು ಮುನ್ನೀ ಬೀ. “ಕೇಳಿದಷ್ಟೂ ನಮ್ದೇ ಅನಸ್ತದ.”

‘ಎಂಥ ಮರುಕ!’ ಎಂದುಕೊಂಡು ಇನ್ನೊಂದು ಪಾತ್ರೆ ಚಹಾಕ್ಕಿಟ್ಟ.

ಆಪರೇಷನ್ ಆದ ಎರಡು ತಿಂಗಳಿಗೆ ರಾಯಚೂರಿನ ಎಲುಬಿನ ಡಾಕ್ಟರಿಗೆ ತೋರಿಸಬೇಕಿತ್ತು. ಆ ದಿನ ಮಾಳಿಂಗಪ್ಪ ಮಾನ್ವಿಯ ಮುಖಂಡರೊಬ್ಬರ ಕಾಲು ಹಿಡಿಯಲು ಹೊರಟಿದ್ದ. ತನ್ನ ಜೀಪನ್ನೇ ಬಿಟ್ಟುಕೊಟ್ಟ. ಓಡಿಸುವವನು ಮುನ್ನೀ ಬೀಯ ಗಂಡ ಗುಲಾಮ್ ದಸ್ತಗೀರ್, ಜೊತೆಗೆ ಮುನ್ನೀ ಬೀ. ನೋಡುವವರಿಗೆಂದು ಜೀಪಿನೊಳಗೆ ಹಾಸಿಗೆ ಹಾಸಿ, ಕಣ್ಣೊರೆಸಿಕೊಂಡು ಕಳಿಸಿದ. ಸಂಜೆ ಬಂದವಳನ್ನು ಕೇಳಿದ.

“ಏನಂದ ಡಾಕ್ಟರ?”

“ಇನ್ನ ಧೈರ್ಯಲೇ ನಿಂದ್ರಬಹುದು ಅಂದ್ರು.”

“ಎಲೆಕ್ಷನ್ ಆದ ಮ್ಯಾಲೆ ನಿಂದ್ರುವಂತಿ, ತಗೋ.”

ಕರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನೋವಿರಬೇಕು ಎಂದುಕೊಂಡ.

ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಅವನ ಎದುರಾಳಿ ದುರುಗಪ್ಪ ಹಿಂದೆ ಸರಿದ. ಮಾಳಿಂಗಪ್ಪ ಹೂವಿನ ಹಾರ ತರಿಸಿ ಹೆಂಡತಿಯ ಮುಂದೆ ಕುಣಿದ.

“ಬ್ಯಾರೆ ಯಾರೂ ಇಲ್ಲಲೇ! ಅವಿರೋಧ!”

“ಕುರ್ಚಿ ನಮ್ಮ ಮನೀ ಬಿಟ್ಟು ಎಲ್ಲಿ ಹೋಗ್ತದ್ರಿ?” ಎಂದಳು ಕರೆಮ್ಮ.

ದೇವದುರ್ಗದ ಕಚೇರಿಗೆ ಹೋಗುವಾಗ ಜೀಪಿನ ತುಂಬ ಮಂದಿ. ಇಷ್ಟು ದಿನ ಅಭ್ಯರ್ಥಿಗಳ ಪಟ್ಟಿ ನೋಡುವ ಗೋಜಿಗೇ ಅವನು ಹೋಗಿರಲಿಲ್ಲ. ತನ್ನೆದುರು ನಿಲ್ಲುವ ಗಂಡಸು ಊರಲ್ಲಿ ದುರುಗಪ್ಪನೊಬ್ಬನೇ. ಹಾರ ಹಾಕಿಕೊಂಡೇ ಗುಮಾಸ್ತ ಅಯ್ಯಪ್ಪನ ಮೇಜಿನ ಮುಂದೆ ನಿಂತ.

“ಅವಿರೋಧ ಎಲ್ಲೀದ್ರಿ?” ಎಂದ ಅಯ್ಯಪ್ಪ. “ಇನ್ನೊಂದು ನಾಮಪತ್ರ ಉಳದದ.”

“ಯಾವನಲೇ ಅವ?”

“ಹೆಣ್ಮಗಳ್ರಿ. ಇಷ್ಟೂ ಮೆಟ್ಲಾ ಯಾರ ಕೈನೂ ಹಿಡೀದಂಗ ಹತ್ತಿ ಬಂದು ಕೊಟ್ಟು ಹೋದ್ರು. ಸೂಚಿಸಿದಾಕಿನೂ ಹೆಣ್ಮಗಳೇ.”

ಮಾಳಿಂಗಪ್ಪ ಹಿಂದೆ ನಿಂತವರ ಕಡೆ ತಿರುಗಿ ಗಹಗಹಿಸಿ ನಕ್ಕ. “ಕೇಳ್ರಪ್ಪೋ! ಹೆಂಡ್ತೀನ್ನ ಮನ್ಯಾಗ ಕುಂದ್ರಸಲಾರದ ಅಂಥಾ ಖೋಡಿ ಗಂಡಸೂ ಅದಾನ ನಮ್ಮ ಊರಾಗ! ಅಯ್ಯಪ್ಪಾ, ಜೋರಲೇ ಓದು. ಆಕಿ ಗಂಡನ ಹೆಸರು ಎಲ್ಲಾರೂ ಕೇಳ್ಲಿ.”

ಅಯ್ಯಪ್ಪ ಪಟ್ಟಿಯಿಂದ ತಲೆ ಎತ್ತದೆಯೇ ಓದಿದ. “ಮಾಳಿಂಗಪ್ಪ, ಮಾಜಿ ಚೇರ್ಮನ್, ಅರಕೇರಾ.”