ಹೋದ ಸಲಕ್ಕಿಂತ ಹೆಚ್ಚು ಬೆಲ್ಲ

“ಇವರ ತೂಕ ಎಷ್ಟದರಿ?” ಇಂಜೆಕ್ಷನ್ ಬರೆಯುತ್ತಿದ್ದ ಡಾಕ್ಟರ್ ಕೇಳಿದರು. ಆಕ್ಸಿಜನ್ ಮಾಸ್ಕಿನೊಳಗೆ ಏದುಸಿರು ಬಿಡುತ್ತಿದ್ದ ಮಹಾರುದ್ರಪ್ಪನಿಗೆ ಎದ್ದು ನಿಲ್ಲುವ ಶಕ್ತಿಯೇ ಇರಲಿಲ್ಲ. ಹೆಂಡತಿ ಸುಂದರಬಾಯಿಯೇ ಹೇಳಿದಳು: “ನೂರಾ ಹದಿನೆಂಟು ಕಿಲೋ ರೀ. ಹೋದ ವರ್ಷ ಹುಮನಾಬಾದ ವೀರಭದ್ರನ ಗುಡಿಯಾಗ ತುಲಾಭಾರ ಮಾಡಿಸಿದ್ದೆವ್ರಿ. ತಕ್ಕಡಿ ಏಳವಲ್ದು ಅಂತ ಮತ್ತ ಎರಡು ಪೆಂಟಿ ಬೆಲ್ಲ ಇಟ್ಟಿದ್ರು. ಮಂದಿ ನಿಂತು ನೋಡಿದ್ರು.” ಆ ಆತಂಕದಲ್ಲೂ ಅವಳ ಮುಖ ಅರಳಿತ್ತು.

ಡಾಕ್ಟರ್ ನಗಲಿಲ್ಲ. “ಆ ಭಾರನೇ ಈಗ ತ್ರಾಸ ಕೊಡಾಕತ್ತದ ಅಕ್ಕಾ. ಫ್ಲೂ ಪುಪ್ಪುಸಕ್ಕ ಇಳದದ. ಉಸಿರು ತಗೋಳಾಕ ಹೊಟ್ಟಿ ಭಾರ ಬಿಡವಲ್ದು. ಆರಾಮಾದ ಮ್ಯಾಲ ತೂಕ ಇಳಿಸಲೇಬೇಕು.”

ಪಕ್ಕದ ಮಂಚದ ಮೇಲೆ, ಅದೇ ಜ್ವರಕ್ಕೆ ಬಂದಿದ್ದ ಕಡ್ಡಿಯಂಥ ಮುದುಕ ಕೂತು ಚಹಾ ಕುಡಿಯುತ್ತಿದ್ದ. ಸುಂದರಬಾಯಿ ಒಮ್ಮೆ ಅವನನ್ನು, ಒಮ್ಮೆ ಗಂಡನನ್ನು ನೋಡಿದಳು. ಬಸವಕಲ್ಯಾಣದಿಂದ ಬರುವಾಗ ಆಂಬುಲೆನ್ಸಿನಲ್ಲೇ ಸೆರಗಿನ ತುದಿಗೆ ಹಾಕಿಕೊಂಡಿದ್ದ ಹರಕೆಯ ಗಂಟನ್ನು ಬೆರಳುಗಳು ಬಿಚ್ಚತೊಡಗಿದವು, ಮತ್ತೆ ಬಿಗಿದವು.

“ಇವ್ರು ಉಳದ್ರ ಹೋದ ಸಲಕ್ಕಿಂತ ಹೆಚ್ಚು ಬೆಲ್ಲ ತೂಗಿಸ್ತೀನಿ ಅಂತ ಬೇಡ್ಕೊಂಡೀನ್ರಿ ಡಾಕ್ಟರ್. ಈಗ ವೀರಭದ್ರಗ ಏನಂತ ಹೇಳ್ಲಿ?”