ಟಾಪಿಲ್ಲದ ಕಾರಿನ ಬಾಗಿಲು

ಬಾಗಿಲು ಮುಚ್ಚಲಿಲ್ಲ. ಸೊಸೆ ಮತ್ತೊಮ್ಮೆ ತಳ್ಳಿದಳು. ಮೇಲಿನ ಮೂಲೆ ಚೌಕಟ್ಟಿನ ಹಿಂದಿನ ಕಂಬಕ್ಕೆ ತಗಲಿ ಅಲ್ಲೇ ನಿಂತಿತು. ನಿನ್ನೆಯವರೆಗೂ ಮುಟ್ಟಿದರೆ ಸಾಕು, ತಾನಾಗಿ ಹೋಗಿ ಕೂರುತ್ತಿದ್ದ ಬಾಗಿಲು. ಹಿಂದೆ ಸರಿದು ಕಾರಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಮುಂದೊಂದು ಜೊತೆ, ಹಿಂದೊಂದು ಜೊತೆ ಸ್ಟ್ಯಾಂಡಿನ ಮೇಲೆ ಕೂತಿದ್ದ ಕಾರು ನಡುವಿನಲ್ಲಿ ಹಳೆಯ ಹಗ್ಗದ ಮಂಚದ ಹಾಗೆ ಜಗ್ಗಿತ್ತು.

ಎಲ್ಲಿ ಎಡವಿದೆನೆಂದು ಆಗ ಹೊಳೆಯಿತು. ಅವಳು ಬಸ್ಸು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್. ಬಸ್ಸಿನ ತುಕ್ಕು ಹಿಡಿದ ನೆಲವನ್ನು ಕೊಯ್ದು ತೆಗೆದರೂ ಏನೂ ಆಗುವುದಿಲ್ಲ, ಮೇಲಿನ ಚಾವಣಿ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ಅದೇ ಕೈರೂಢಿಯಲ್ಲಿ ಇಲ್ಲೂ ಡ್ರೈವರ್ ಕಡೆಯ ನೆಲವನ್ನೂ ಬಾಗಿಲ ಕೆಳಗಿನ ಉದ್ದನೆಯ ಪಟ್ಟಿಯನ್ನೂ ಕೊಯ್ದು ಮೂಲೆಗೆ ಒಗೆದಿದ್ದಳು. ಆದರೆ ಇದು ಟಾಪು ಮಡಚುವ ಕಾರು. ಇದರ ತಲೆಯ ಮೇಲಿದ್ದದ್ದು ಬರೀ ಬಟ್ಟೆ. ಕೊಯ್ಯುವ ಮೊದಲು, ನಡು ಜಗ್ಗದಂತೆ, ಬಾಗಿಲ ಜಾಗಕ್ಕೆ ಅಡ್ಡವಾಗಿ ಕಬ್ಬಿಣದ ಪೈಪು ಬೆಸೆಯಬೇಕಿತ್ತು.

ಕಾರು ಅತ್ತೆಯದು. ತಮ್ಮ ಮದುವೆಗೆ ಮುಂಚಿನಿಂದ ಅವರೇ ಓಡಿಸುತ್ತಿದ್ದರು. ಮಗ ಹುಟ್ಟಿದ ವರ್ಷ ಗ್ಯಾರೇಜು ಸೇರಿದ್ದು ಮತ್ತೆ ಹೊರಗೆ ಬಂದಿರಲಿಲ್ಲ. ಗುಜರಿಯವನು ಬಂದು ನೋಡಿಯೂ ಹೋಗಿದ್ದ. ಆಗ, "ನನ್ನ ಕೈಗೆ ಕೊಡಿ ಅತ್ತೆ, ರೋಡಿಗಿಳಿಸಿ ತೋರಿಸ್ತೀನಿ" ಎಂದು ದುಂಬಾಲು ಬಿದ್ದವಳು ಸೊಸೆ. ಈಗ ಅವಳ ಕೈಯಲ್ಲೇ ಕಾರಿನ ಸೊಂಟ ಮುರಿದಂತಾಗಿತ್ತು. ಮುಚ್ಚಿಡೋಣವೆಂದರೆ ಅತ್ತೆಯ ಕಣ್ಣು ಸಾಮಾನ್ಯದ್ದೇ? ಗೋಡೆಯ ಫೋಟೋ ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಊಟ ಸೇರುವುದಿಲ್ಲ. ಸೊಸೆ ಮಡಚಿಟ್ಟ ಬೆಡ್‌ಶೀಟು ಅವರ ಕೈಯಲ್ಲಿ ಇನ್ನೊಮ್ಮೆ ಮಡಚಿಸಿಕೊಳ್ಳದೆ ಬೀರು ಸೇರಿದ್ದೇ ಇಲ್ಲ. ಈಗಲೂ ಗ್ಯಾರೇಜಿನೊಳಕ್ಕೆ ಕಾಲಿಟ್ಟ ಅತ್ತೆ ಅಲ್ಲೇ ನಿಂತುಬಿಟ್ಟರು.

"ಏನೇ ಇದು, ಹೊಟ್ಟೆ ಇಳಿಬಿಟ್ಕೊಂಡಿದೆ?"

"ನಂದೇ ತಪ್ಪು ಅತ್ತೆ. ಬಸ್ಸಿನ ಹಾಗೇ ಅನ್ಕೊಂಡು ಕೊಯ್ದುಬಿಟ್ಟೆ. ಇದರ ಭಾರ ಎಲ್ಲಾ ನೆಲದ ಮೇಲೇ ಇತ್ತು. ನಂಗೆ ಹೊಳೀಲೇ ಇಲ್ಲ."

ಅತ್ತೆ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅಷ್ಟರಲ್ಲಿ ಗಂಡ ಟೀ ಲೋಟ ಹಿಡಿದು ಇಣುಕಿದ.

"ನಾನಾಗ್ಲೇ ಬಡ್ಕೊಂಡೆ. ಗುಜರಿಯವನಿಗೆ ಫೋನ್ ಮಾಡ್ಲಾ?"

"ನೀನು ಟೀ ಕುಡಿ," ಎಂದರು ಅವನ ತಾಯಿ. ಸೊಸೆಯ ಕಡೆ ತಿರುಗಿ, "ಸರಿ ಹೋಗುತ್ತಾ ಇಲ್ವಾ, ಅಷ್ಟು ಹೇಳು."

"ಜಾಕ್ ಕೊಟ್ಟು ನಡುವನ್ನ ಎತ್ತಿ ನೋಡ್ಬೇಕು. ಮೊದಲಿನ ಜಾಗಕ್ಕೇ ಬಂದ್ರೆ ಬಚಾವಾದ್ವಿ. ತಗಡು ಎಲ್ಲಾದ್ರೂ ಮಡಚ್ಕೊಂಡಿದ್ರೆ..." ಅವಳು ಜಾಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಕೆಳಗೆ ಮಲಗಿದ್ರೆ ನಂಗೆ ಬಾಗಿಲ ಸಂದು ಕಾಣಲ್ಲ. ನೀವು ನೋಡ್ತೀರಾ?"

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಾಗಿಲ ಸಂದಿಗೆ ಮುಖ ಕೊಟ್ಟು ನಿಂತರು. ಸೊಸೆ ಕಾರಿನಡಿಗೆ ತೂರಿ, ಕೊಯ್ಯದೆ ಉಳಿದಿದ್ದ ನಡುವಿನ ಗಟ್ಟಿ ಪಟ್ಟಿಗೆ ಜಾಕ್ ಒತ್ತಿ, ಹಿಡಿಯನ್ನು ಮೆಲ್ಲಗೆ ತಿರುಗಿಸತೊಡಗಿದಳು.

"ಆಯ್ತಾ ಅತ್ತೆ?"

"ಎಲ್ಲಿ ಆಯ್ತು? ಮೇಲೆ ಬಿಗಿ, ಕೆಳಗೆ ಸಡಿಲ. ಥೇಟ್ ನೀನು ಮಡಚಿದ ಬೆಡ್‌ಶೀಟು."

ಭಯದ ನಡುವೆಯೂ ಸೊಸೆಗೆ ನಗು ಬಂತು. ಮತ್ತೆ ತಿರುಗಿಸಿದಳು. ಕಾರು ಇಡಿಯಾಗಿ ಒಮ್ಮೆ ನರಳಿತು. ಎಲ್ಲೋ ಒಳಗೆ ತಗಡು ಲಟಕ್ಕೆಂದಿತು. ಮುರಿಯಿತೋ ಕೂಡಿತೋ ಗೊತ್ತಾಗದೆ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಅತ್ತೆಯ ದನಿ ಕೇಳಿಸಿತು, ನಿದ್ದೆ ಹೋದ ಮಗುವಿನ ಪಕ್ಕದಲ್ಲಿ ಮಾತಾಡುವಂಥ ಸಣ್ಣ ದನಿ. "ಸಾಕು ಕಣೇ. ಇನ್ನು ಮುಟ್ಬೇಡ."

ನಡುವಿಗೂ ಸ್ಟ್ಯಾಂಡು ಕೊಟ್ಟು ಭದ್ರಮಾಡಿ ಅವಳು ಹೊರಗೆ ಬಂದಳು. ಗಂಡ ಬಾಯಿ ತೆರೆದು ನಿಂತಿದ್ದ. "ಯಾರೂ ಮುಟ್ಟಿಲ್ಲ ಕಣೇ ಬಾಗಿಲನ್ನ. ತಾನೇ ಸರಿದುಕೊಂಡು ಹೋಯ್ತು!" ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲಕ್ಕೆ ಬಂದಿತ್ತು. ಮೂತಿಯಿಂದ ಬಾಲದವರೆಗೂ ಗೆರೆ ಎಳೆದಂತೆ ನೇರವಾದ ಒಂದೇ ಅಂಚು. ಸೊಸೆ ಬೆರಳ ತುದಿಯಿಂದ ತಳ್ಳಿದಳು. ಟಪ್ ಎಂದು ಮುಚ್ಚಿಕೊಂಡಿತು. ಇಷ್ಟು ವರ್ಷ ಇಷ್ಟೂ ಭಾರವನ್ನು ಹೊತ್ತದ್ದು ತಾನು ಮೂಲೆಗೆ ಒಗೆದ ಆ ತುಕ್ಕು ಪಟ್ಟಿ. ಹೋಗಿ ಅದನ್ನೆತ್ತಿ ಗೋಡೆಗೆ ಒರಗಿಸಿಟ್ಟಳು, ಕೈ ಮುಗಿಯುವುದೊಂದು ಬಾಕಿ.

ಅಡ್ಡಪೈಪು ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಕಾರಿನೊಳಗಿದ್ದರು. ಸೀಟಿರಲಿಲ್ಲ, ನೆಲವಿರಲಿಲ್ಲ. ಹಾಗಾಗಿ ಗ್ಯಾರೇಜಿನ ಸಿಮೆಂಟಿನ ಮೇಲೆಯೇ ನಿಂತು, ಬಾಗಿಲನ್ನು ಹಾಕಿಕೊಂಡು, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿದ್ದರು. ಗಂಡ ಗೋಡೆಗೆ ಅಂಟಿಕೊಂಡು, ಕಂಡೇ ಇಲ್ಲದ ಯಾರನ್ನೋ ನೋಡುವ ಹಾಗೆ ತಾಯಿಯನ್ನು ನೋಡುತ್ತಿದ್ದ.

"ಅತ್ತೆ, ಆಚೆ ಬನ್ನಿ. ಪೈಪು ಬೆಸೀಬೇಕು."

"ಒಂದ್ನಿಮಿಷ ಮಾತಾಡಿಸ್ಬೇಡ," ಎಂದರು ಅತ್ತೆ. ಅವರ ಬಲಗಾಲಿನ ಚಪ್ಪಲಿ ಬರೀ ಸಿಮೆಂಟನ್ನು ಮೆಲ್ಲಗೆ ಒತ್ತುತ್ತಿತ್ತು. "ಮುಂದೆ ತಿರುವಿದೆ."