ಮೂವತ್ತನೆಯ ಹುಡುಗ

‘ಈ ಮೂವತ್ತನೆಯವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಇವತ್ತೇ ಕೈಬಿಟ್ಟು ಪುಣ್ಯ ಕಟ್ಟಿಕೊಳ್ಳಲಿ.’

‘ಓಲ್ಡ್ ಕ್ಯಾಚರ್’ ಎಂಬ ಮಹಾಶಯ ಇಂಗ್ಲಿಷಿನಲ್ಲಿ ಮತ್ತೆ ವಿಷ ಕಾರಿದ್ದ. ಯತಿರಾಜನಿಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಲೋಟ ಕುಕ್ಕಿ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ.

ಮೂವತ್ತನೆಯವನು ಬೇರೆ ಯಾರೂ ಅಲ್ಲ, ಅವನ ಮಗ ಕಿಶನ್. ಆರನೇ ವಯಸ್ಸಿಗೆ ಮೈಸೂರಿನಿಂದ ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ಗೆ ಬಂದ ಹುಡುಗ ಇಲ್ಲಿ ಬೇಸ್‌ಬಾಲ್ ಹಿಡಿದ, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ಆದ, ಹದಿನೆಂಟಕ್ಕೆ ಅಮೆರಿಕದ ಒಂದು ದೊಡ್ಡ ಕ್ಲಬ್ಬಿನ ಕಣ್ಣಿಗೆ ಬಿದ್ದ. ದೊಡ್ಡ ತಂಡಕ್ಕಲ್ಲ, ಅದರ ಕೆಳಗೆ ಹುಡುಗರನ್ನು ಪಳಗಿಸುವ ಮೈನರ್ ಲೀಗ್ ತಂಡಕ್ಕೆ. ಅಷ್ಟರಲ್ಲಿ ಕೊರೊನಾ ಬಂತು. 2020ರ ಆಟವೇ ರದ್ದಾಯಿತು. ಕಿಶನ್ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದ. ಈಗ ನವೆಂಬರ್. ಅಲ್ಲಿ ಮೈನರ್ ಲೀಗ್ ತಂಡಗಳನ್ನೇ ಕಮ್ಮಿ ಮಾಡುತ್ತಿದ್ದರು. ಯಾರನ್ನು ಉಳಿಸಿಕೊಳ್ಳುತ್ತಾರೋ ಯಾರನ್ನು ಕೈಬಿಡುತ್ತಾರೋ ದೇವರಿಗೇ ಗೊತ್ತು.

ಆಟ ನಿಂತರೇನು, ಅಭಿಮಾನಿಗಳ ಬಾಯಿ ನಿಲ್ಲುತ್ತದೆಯೇ? ಕ್ಲಬ್ಬಿನ ಅಭಿಮಾನಿಗಳ ವೆಬ್‌ಸೈಟಿನಲ್ಲಿ, ಮುಂದೆ ಬೆಳಗಬಹುದಾದ ಮೂವತ್ತು ಹುಡುಗರಿಗೆ ರ‍್ಯಾಂಕ್ ಕೊಡುವ ಜಗಳ ಭರ್ಜರಿಯಾಗಿ ನಡೆದಿತ್ತು. ಕಿಶನ್ ಕಟ್ಟಕಡೆಯವನು. ಅಲ್ಲಿಂದ ಜಾರಿದರೆ ಹೇಳಹೆಸರಿಲ್ಲ. ಕ್ಲಬ್ಬಿನವರು ಇದನ್ನೆಲ್ಲ ಓದುತ್ತಾರೆ, ಓದಿಯೇ ತೀರ್ಮಾನ ಮಾಡುತ್ತಾರೆ ಎಂದು ಯತಿರಾಜ ನಂಬಿದ್ದ. ಯಾರು ಹೇಳಿದರೋ! ಅಂತೂ ‘ಟುಲಿಪ್’ ಎಂಬ ಹೆಸರಿನಲ್ಲಿ ಅಡಗಿ ಕೂತು ಮಗನನ್ನು ಹೊಗಳುವುದೇ ಅವನ ಲಾಕ್‌ಡೌನ್ ಉದ್ಯೋಗವಾಗಿಬಿಟ್ಟಿತ್ತು.

ಇವನು ಹೊಗಳಿದಷ್ಟೂ ಓಲ್ಡ್ ಕ್ಯಾಚರ್ ತುಳಿಯುತ್ತಿದ್ದ. ‘ಅವನ ಮೊಣಕೈ ಉಕ್ಕು’ ಎಂದು ಟುಲಿಪ್ ಬರೆದರೆ, ‘ಚಳಿಯಲ್ಲಿ ಹಾಲಿನ ಪ್ಯಾಕೆಟ್ ಎತ್ತಲೂ ಆಗಲ್ಲ’ ಎಂಬ ಉತ್ತರ. ‘ಅವನಿಗೆ ಗುಂಡಿಗೆಯಿದೆ’ ಎಂದರೆ, ‘ಪ್ರತಿ ಮ್ಯಾಚಿಗೂ ಮುಂಚೆ ತಿಂದ ಮೊಸರನ್ನ ಕಕ್ಕಿಕೊಳ್ಳುತ್ತಾನೆ’ ಎಂಬ ಉತ್ತರ.

ಯತಿರಾಜ ಅಲ್ಲೇ ಹಿಡಿದ. ಅಮೆರಿಕದವನಿಗೆ ಮೊಸರನ್ನದ ಸುದ್ದಿ ಎಲ್ಲಿಂದ ಬರಬೇಕು? ಇದು ನಮ್ಮವರದೇ ಕೆಲಸ. ಈ ದೇಶದಲ್ಲಿ ಬೇಸ್‌ಬಾಲ್ ಹುಚ್ಚಿರುವ ಕನ್ನಡಿಗ ಅವನಿಗೆ ಗೊತ್ತಿದ್ದಂತೆ ಇನ್ನೊಬ್ಬನೇ: ರೈಸ್‌ವೈಕ್‌ನ ಶ್ರೀಪಾದ. ಹಳೇ ಸ್ನೇಹಿತ. ಕಿಶನ್‌ನನ್ನು ಮೊದಲ ಮ್ಯಾಚಿಗೆ ಕರೆದೊಯ್ದವನೂ ಅವನೇ. ಆದರೆ ಅವನ ಸ್ವಂತ ಮಗ ಅದೇ ಕ್ಲಬ್ಬಿನ ಆಯ್ಕೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದಿದ್ದ. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು?

“ಕಿಶನ್‌ಗೆ ಮೊಣಕೈ ನೋವಿದೆಯಾ?” ಎಂದು ಹೆಂಡತಿಯನ್ನು ಕೇಳಿದ.

ವಾಸಂತಿ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಮೇಲೇ ಇದಾನಲ್ಲ, ನೀವೇ ಕೇಳಿ.”

“ಶ್ರೀಪಾದನ ಹೆಂಡ್ತಿ ಹತ್ರ ಏನಾದ್ರೂ ಬಾಯಿ ಬಿಟ್ಯಾ?”

“ನನಗೇನು ಬೇರೆ ಕೆಲಸ ಇಲ್ವಾ?”

ನೀವೇ ಕೇಳಿ ಅಂತೆ! ಆ ಮನೆಯಲ್ಲಿ ಅಪ್ಪ ಮಗ ನೇರ ಮಾತಾಡಿ ಯಾವ ಕಾಲವಾಗಿತ್ತೋ. ಜಗಳವೇನಿಲ್ಲ. ಯತಿರಾಜ ತನ್ನ ಅಪ್ಪನ ಎದುರು ನಿಂತು ಮಾತಾಡಿದವನಲ್ಲ. ಆ ಪದ್ಧತಿಯೂ ವಿಮಾನ ಹತ್ತಿ ಜೊತೆಗೇ ಬಂದಿತ್ತು. ಏನಿದ್ದರೂ ವಾಸಂತಿಯ ಮೂಲಕ. “ಇನ್ನೂ ಐವತ್ತು ಎಸೆಯೋಕೆ ಹೇಳು” ಎಂದು ಇವನು. “ಯಾ” ಎಂದು ಅಟ್ಟದಿಂದ ಡಚ್ಚಿನಲ್ಲಿ ಉತ್ತರ. ಆಮೇಲೆ ಗೋಡೆಗೆ ಒರಗಿಸಿಟ್ಟ ಹಾಸಿಗೆಗೆ ಚೆಂಡು ಬಡಿಯುವ ಧಪ್ ಧಪ್. ಅದನ್ನು ಕೇಳಿದರೆ ಯತಿರಾಜನಿಗೆ ಹೊಟ್ಟೆ ತುಂಬುತ್ತಿತ್ತು. ಇತ್ತೀಚೆಗೆ ಆ ಸದ್ದು ಕಮ್ಮಿ. ಪಾಪ, ಈ ಚಳಿಯಲ್ಲಿ ಸುಸ್ತಾಗಿರಬೇಕು ಅಂದುಕೊಂಡಿದ್ದ.

ತಡೆಯಲಾರದೆ ಶ್ರೀಪಾದನಿಗೆ ಫೋನ್ ಮಾಡಿದ.

“ನನ್ನ ಮಗನ ಅನ್ನಕ್ಕೆ ಕಲ್ಲು ಹಾಕೋಕೆ ನಾಚಿಕೆ ಆಗಲ್ವೇನೋ ನಿಂಗೆ?”

“ಏನೋ ಯತಿ, ಏನಾಯ್ತೋ?” ಆ ಕಡೆಯಿಂದ ಕೆಮ್ಮು. “ನಂಗೆ ಪಾಸಿಟಿವ್ ಕಣೋ. ವಾರದಿಂದ ಹಾಸಿಗೆ ಬಿಟ್ಟೆದ್ದಿಲ್ಲ. ಫೋನ್ ಹಿಡ್ಕೊಳೋಕೂ ಶಕ್ತಿಯಿಲ್ಲ.”

“ನಾಟಕ ಬೇಡ. ಓಲ್ಡ್ ಕ್ಯಾಚರ್ ನೀನೇ.”

ಅಷ್ಟರಲ್ಲಿ ಪರದೆಯ ಮೇಲೆ ಓಲ್ಡ್ ಕ್ಯಾಚರ್‌ನ ಹೊಸ ಸಾಲು ಬಿತ್ತು: ‘ಟುಲಿಪ್, ನೀವು ಎಷ್ಟು ಹೊಗಳಿದರೂ ಆ ತೋಳು ಸರಿಹೋಗಲ್ಲ.’ ಫೋನಿನಲ್ಲಿ ಶ್ರೀಪಾದ ಇನ್ನೂ ಉಸಿರು ಸಿಗದೆ ಕೆಮ್ಮುತ್ತಲೇ ಇದ್ದ.

ಯತಿರಾಜ ಪೆಚ್ಚಾದ. “ತಪ್ಪಾಯ್ತು ಕಣೋ” ಎಂದ.

“ಹೋಗ್ಲಿ ಬಿಡು. ಕಿಶನ್ ಹೇಗಿದಾನೆ?”

“ಅವನಿಗೇನು, ಚೆನ್ನಾಗಿದಾನೆ” ಎಂದು ಫೋನ್ ಇಟ್ಟ.

ಕೋಪ ಇಳಿದ ಜಾಗದಲ್ಲಿ ಹೆದರಿಕೆ ಬಂದು ಕೂತಿತು. ಶ್ರೀಪಾದನಾಗಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು. ಯಾರೋ ಗುರುತಿಲ್ಲದವನು ಮಗನ ಬದುಕನ್ನು ಮುಗಿಸುತ್ತಿದ್ದಾನೆ. ಕ್ಲಬ್ಬು ಈ ವಾರವೇ ಹೆಸರುಗಳನ್ನು ಹೇಳುತ್ತದಂತೆ. ಎಲ್ಲ ಕೈಮೀರಿತು ಅನ್ನಿಸಿ ಯತಿರಾಜನಿಗೆ ಅಳುವೇ ಬಂತು. ಮಾನ ಮರ್ಯಾದೆ ಬದಿಗಿಟ್ಟು, ಓಲ್ಡ್ ಕ್ಯಾಚರ್ ಒಬ್ಬನಿಗೇ ಕಾಣುವಂತೆ ಬರೆದ:

‘ನೀವು ಯಾರೋ ನನಗೆ ಗೊತ್ತಿಲ್ಲ. ನಾನು ಆ ಹುಡುಗನ ಅಪ್ಪ. ಅವನಿಗೆ ಬೇಸ್‌ಬಾಲ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಇದೊಂದು ಕೈತಪ್ಪಿದರೆ ಅವನು ಉಳಿಯುವುದಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ಅವನ ತಂಟೆಗೆ ಬರಬೇಡಿ.’

ಹೊರಗೆ ಖಾಲಿ ಟ್ರಾಮ್ ಹಾದುಹೋಯಿತು. ವಾಸಂತಿ ಒಗ್ಗರಣೆ ಹಾಕಿದಳು. ಆಮೇಲೆ ಉತ್ತರ ಬಂತು. ಈ ಸಲ ಇಂಗ್ಲಿಷಿನಲ್ಲಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ತಡವರಿಸಿಕೊಂಡು ಬರೆದ ಕನ್ನಡದಲ್ಲಿ.

‘ಟುಲಿಪ್ ನೀವೇ ಅಂತ ಮೊದಲಿಂದಲೂ ಗೊತ್ತಿತ್ತು ಅಪ್ಪ. ನನ್ನ ಕೈ ಹೋಗಿ ತುಂಬ ದಿನ ಆಯ್ತು; ಅವರೇ ನನ್ನ ತೆಗೆದುಹಾಕಿದ್ರೆ ನಿಮ್ಮೆದುರು ನಿಂತು ಹೇಳೋದು ತಪ್ಪುತ್ತೆ ಅಂದ್ಕೊಂಡಿದ್ದೆ.’